ಸೀಟು ಕಾಣುವ ಮೊದಲೇ ಪಾಯಿಂಟ್ ಕಳಿಸಬೇಡಿ

ರಾತ್ರಿ ಹನ್ನೊಂದೂವರೆಗೆ ಫೋನು ಬಂತು. ಟಿಳಕವಾಡಿಯ ಹಳೇ ಗಿರಾಕಿ. ಮಗಳು ಷಿಕಾಗೋದಲ್ಲಿದ್ದಾಳೆ. ಹೆರಿಗೆಗೆ ಇನ್ನೂ ಮೂರು ವಾರ ಇತ್ತು, ಆದರೆ ಡಾಕ್ಟರು ಈ ವಾರವೇ ಆಗಬಹುದು ಅಂದುಬಿಟ್ಟಿದ್ದರು. ವೀಸಾ ಇತ್ತು, ಬ್ಯಾಗು ಅರ್ಧ ತುಂಬಿಯೂ ಆಗಿತ್ತು. "ನಮ್ಮ ಮನಿಯವ್ರನ್ನ ನಾಕು ದಿನದಾಗ ಕಳಸಬೇಕ್ರಿ. ಕಾರ್ಡಿನ್ಯಾಗ ಎರಡು ಲಕ್ಷ ಪಾಯಿಂಟ್ ಇದ್ವು, ಎಲ್ಲಾ ಏರ್‌ಲೈನಿಗೆ ಹಾಕೇನಿ. ಇನ್ನ ನೀವು ಸೀಟ್ ತಗೀರಿ ಅಷ್ಟ" ಅಂದರು.

ಕ್ರೆಡಿಟ್ ಕಾರ್ಡ್ ಬಳಸಿದ್ದಕ್ಕೆ ಬ್ಯಾಂಕು ಕೊಡುವ ಪಾಯಿಂಟನ್ನು ಏರ್‌ಲೈನ್‌ಗೆ ಕಳಿಸಿದರೆ ಅಲ್ಲಿ ಮೈಲ್ಸ್ ಆಗುತ್ತವೆ, ಆ ಮೈಲ್ಸ್‌ನಿಂದ ಟಿಕೆಟ್ ತೆಗೆಯಬಹುದು. ಆದರೂ "ಹಾಕೇನಿ" ಅನ್ನುವ ಮಾತು ಕೇಳಿದ ಕೂಡಲೇ ಎದೆ ಧಸಕ್ಕೆಂದಿತು. ಲ್ಯಾಪ್‌ಟಾಪ್ ತೆಗೆದು ನೋಡಿದೆ. ಅವರು ಪಾಯಿಂಟ್ ಕಳಿಸಿದ್ದ ಏರ್‌ಲೈನ್‌ನಲ್ಲಿ ಮುಂದಿನ ಹನ್ನೆರಡು ದಿನ ಒಂದೇ ಒಂದು ಅವಾರ್ಡ್ ಸೀಟು, ಅಂದರೆ ಮೈಲ್ಸ್‌ಗೆ ಕೊಡುವ ಸೀಟು, ಇರಲಿಲ್ಲ. ಅದರ ಪಾರ್ಟ್ನರ್ ಏರ್‌ಲೈನ್‌ಗಳಲ್ಲೂ ಇರಲಿಲ್ಲ. ಅದೇ ಹೊತ್ತಿಗೆ ಬೇರೆ ಅಲಯನ್ಸ್‌ನ, ಅಂದರೆ ಏರ್‌ಲೈನ್‌ಗಳ ಬೇರೊಂದು ಕೂಟದ, ಒಂದು ಏರ್‌ಲೈನ್‌ನಲ್ಲಿ ಗುರುವಾರ ಮುಂಬೈಯಿಂದ ಎರಡು ಸೀಟು ತೆರೆದಿದ್ದವು. ಅವರ ಕಾರ್ಡಿನಿಂದ ಅಲ್ಲಿಗೂ ಪಾಯಿಂಟ್ ಕಳಿಸಲು ಬರುತ್ತಿತ್ತು. ಕಳಿಸುವ ಮೊದಲು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಕೊನೆಗೆ ಕೈಯಿಂದ ದುಡ್ಡು ಕೊಟ್ಟೇ ಟಿಕೆಟ್ ತೆಗೆಸಿದರು.

ನಾನು ಬೆಳಗಾವಿಯಲ್ಲಿ ಟಿಕೆಟ್ ಮಾಡುವ ಕೆಲಸಕ್ಕೆ ಇಳಿದು ಹತ್ತೊಂಬತ್ತು ವರ್ಷವಾಯಿತು. ಇದೊಂದು ತಪ್ಪನ್ನು ಓದಿದವರು, ಲೆಕ್ಕಪತ್ರ ಬಲ್ಲವರು, ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವವರು, ಡಾಕ್ಟರು, ಎಲ್ಲರೂ ಮಾಡುತ್ತಾರೆ. ಗಾಬರಿಯಲ್ಲಿ ಇದ್ದಾಗ ಏನಾದರೂ ಮಾಡಬೇಕು ಅನ್ನಿಸುತ್ತದೆ, ಕೈಯಲ್ಲಿ ಮೊಬೈಲ್ ಇರುತ್ತದೆ, ಬ್ಯಾಂಕಿನ ಆಪ್‌ನಲ್ಲಿ ಟ್ರಾನ್ಸ್‌ಫರ್ ಅಂತ ಒಂದು ಬಟನ್ ಇರುತ್ತದೆ, ಒತ್ತಿಬಿಡುತ್ತಾರೆ. ನನಗೆ ಅರ್ಥವಾಗುತ್ತದೆ. ಆದರೂ ಪ್ರತಿ ಸಲ ಸಿಟ್ಟು ಬರುತ್ತದೆ, ಯಾಕೆಂದರೆ ಆ ಪಾಯಿಂಟ್ ವರ್ಷಗಟ್ಟಲೆ ಕೂಡಿಸಿದ್ದು.

ನಮ್ಮ ಊರಿನವರಿಗೆ ಕುಂದಾ ಹೇಗೆ ಆಗುತ್ತದೆ ಅಂತ ಹೇಳಬೇಕಿಲ್ಲ. ಕಾರ್ಡಿನ ಪಾಯಿಂಟ್ ಅಂದರೆ ಹಾಲು. ಬೇಕಾದರೆ ಚಹಾಕ್ಕೆ ಹಾಕಿ, ಬೇಕಾದರೆ ಹೆಪ್ಪು ಹಾಕಿ, ಬೇಕಾದರೆ ಗಂಟೆಗಟ್ಟಲೆ ಕಾಯಿಸಿ ಕುಂದಾ ಮಾಡಿ. ಏರ್‌ಲೈನ್‌ಗೆ ಹೋದ ಮೈಲ್ಸ್ ಅಂದರೆ ಕುಂದಾ. ಅದನ್ನು ಮತ್ತೆ ಚಹಾಕ್ಕೆ ಹಾಕಲು ಬರುವುದಿಲ್ಲ. ಬ್ಯಾಂಕಿಗೆ ಫೋನ್ ಮಾಡಿ ಬೇಡಿಕೊಂಡರೂ ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ. ನಾನಂತೂ ವಾಪಸ್ ಬಂದದ್ದನ್ನು ಒಮ್ಮೆಯೂ ಕಂಡಿಲ್ಲ. ಮೇಲಾಗಿ ಹಲವು ಕಡೆ ಮೈಲ್ಸ್‌ಗೆ ಆಯುಷ್ಯ ಇದೆ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ 36 ತಿಂಗಳಿಗೆ ಮುಗಿಯುತ್ತವೆ. ಮುಂದಿನ ವರ್ಷ ಹೋಗೋಣ, ಅದರ ಮುಂದಿನ ವರ್ಷ ಹೋಗೋಣ ಅನ್ನುವುದರೊಳಗೆ ಮೂರು ವರ್ಷ ಆಗಿಯೇ ಬಿಡುತ್ತದೆ.

ಒಂದು ಸಣ್ಣ ಸಮಾಧಾನ ಇದೆ. ಏವಿಯೋಸ್ ಅನ್ನುವ ಮೈಲ್ಸ್ ಬ್ರಿಟಿಷ್ ಏರ್‌ವೇಸ್‌ಗೂ ಕತಾರ್ ಏರ್‌ವೇಸ್‌ಗೂ ಒಂದೇ. ಎರಡು ಖಾತೆ ಜೋಡಿಸಿದರೆ ಅಲ್ಲಿಂದ ಇಲ್ಲಿಗೆ ಸರಿಸಬಹುದು. ಇಂಥ ಅನುಕೂಲ ಕಡಿಮೆ, ಇದನ್ನೇ ಎಲ್ಲ ಕಡೆ ನಿರೀಕ್ಷಿಸಬೇಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. "ಆಪ್‌ನ್ಯಾಗ ನಲವತ್ತು ಸೀಟ್ ಖಾಲಿ ಕಾಣಾಕತ್ತಾವಲ್ರಿ, ನೀವು ಇಲ್ಲ ಅಂತೀರಲ್ಲ?" ಖಾಲಿ ಇರಬಹುದು. ಆದರೆ ಖಾಲಿ ಸೀಟು ಬೇರೆ, ಅವಾರ್ಡ್ ಸೀಟು ಬೇರೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಕೋಟಾ ಇರುತ್ತದೆ ಅಲ್ವಾ? ಜನರಲ್‌ನಲ್ಲಿ ವೇಟಿಂಗ್ ಲಿಸ್ಟ್ ಐವತ್ತು ಇದ್ದರೂ ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ ತತ್ಕಾಲ್ ಬೇರೆಯಾಗಿ ತೆರೆಯುತ್ತದೆ. ರೈಲು ಒಂದೇ, ಬೋಗಿ ಒಂದೇ, ಲೆಕ್ಕದ ಚೀಟಿ ಮಾತ್ರ ಬೇರೆ. ವಿಮಾನದಲ್ಲಿ ಇಂಥ ಚೀಟಿ ಇನ್ನೂ ಜಾಸ್ತಿ, ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ. ಸ್ಟಾರ್ ಅಲಯನ್ಸ್‌ನ ಪಾರ್ಟ್ನರ್‌ಗಳಿಗೆ ಬಿಡುವ ಅವಾರ್ಡ್ ಸೀಟು ಎಕಾನಮಿಯಲ್ಲಿ ಎಕ್ಸ್, ಬಿಸಿನೆಸ್‌ನಲ್ಲಿ ಐ. ವಿಮಾನದಲ್ಲಿ ನೂರು ಸೀಟು ಖಾಲಿ ಇದ್ದರೂ ಆ ಎಕ್ಸ್‌ನಲ್ಲಿ ಸೊನ್ನೆ ಇದ್ದರೆ ನಿಮ್ಮ ಮೈಲ್ಸ್‌ಗೆ ಸೀಟು ಇಲ್ಲ, ಅಷ್ಟೇ. ಇನ್ನು ಸೀಟ್ ಮ್ಯಾಪ್ ನೋಡಿ ಲೆಕ್ಕ ಹಾಕುವವರು ಇದ್ದಾರೆ. ಅದು ಯಾರು ಎಲ್ಲಿ ಕೂರುತ್ತಾರೆ ಅಂತ ಆರಿಸುವ ಚಿತ್ರ, ಮಾರಾಟದ ಲೆಕ್ಕ ಅಲ್ಲ. ಟಿಕೆಟ್ ತೆಗೆದು ಸೀಟು ಆರಿಸದೇ ಬಿಟ್ಟವರೂ ಅದರಲ್ಲಿ ಖಾಲಿಯಾಗಿಯೇ ಕಾಣುತ್ತಾರೆ.

ಕೆಲವು ಏರ್‌ಲೈನ್‌ಗಳು ತಮ್ಮದೇ ವಿಮಾನದ ಯಾವ ಸೀಟನ್ನಾದರೂ ಮೈಲ್ಸ್‌ಗೆ ಕೊಡುತ್ತವೆ ನಿಜ. ಆದರೆ ಅಲ್ಲಿ ಮೈಲ್ಸ್‌ನ ಬೆಲೆ ಟಿಕೆಟ್ ಬೆಲೆಯ ಜೊತೆಗೇ ಏರುತ್ತದೆ. ಕೊನೇ ವಾರದಲ್ಲಿ ಎರಡು ಪಟ್ಟು, ಮೂರು ಪಟ್ಟು ಕೇಳಬಹುದು. ಆಗ ಒಂದು ಲೆಕ್ಕ ಮಾಡಿ. ದುಡ್ಡಿನ ಟಿಕೆಟ್ ₹95,000 ಇದೆ, ಮೈಲ್ಸ್‌ನಲ್ಲಿ ತೆಗೆದರೂ ತೆರಿಗೆ ಅಂತ ₹22,000 ಕೊಡಬೇಕು ಅಂದುಕೊಳ್ಳಿ. ಉಳಿಯುವುದು ₹73,000. ಅದಕ್ಕೆ ಅವರು 73,000 ಮೈಲ್ಸ್ ಕೇಳಿದರೆ ಮೈಲಿಗೆ ಒಂದು ರೂಪಾಯಿ ಬಿತ್ತು. ಎರಡು ಲಕ್ಷ ಕೇಳಿದರೆ ಮೂವತ್ತೇಳು ಪೈಸೆಯೂ ಬೀಳಲಿಲ್ಲ. ಅಂಥ ಹೊತ್ತಲ್ಲಿ ದುಡ್ಡು ಕೊಡುವುದೇ ಒಳ್ಳೆಯದಿರಬಹುದು. ಆದರೆ ಕೈಯಲ್ಲಿ ದುಡ್ಡೇ ಇಲ್ಲ, ಊರಿಗೆ ಹೋಗಲೇಬೇಕು ಅಂದಾಗ ಈ ಲೆಕ್ಕ ಬದಿಗಿಡಿ. ಕೂಡಿಸಿದ್ದು ಅದಕ್ಕೇ.

ಹಾಗಾದರೆ ಕೊನೇ ಗಳಿಗೆಯಲ್ಲಿ ಸೀಟು ಸಿಗುವುದೇ ಇಲ್ಲವಾ? ಸಿಗುತ್ತವೆ. ಎಷ್ಟೋ ಸಲ ಮೂರು ತಿಂಗಳ ಹಿಂದೆ ಇಲ್ಲದ ಸೀಟು ಮೂರು ದಿನ ಇರುವಾಗ ಸಿಕ್ಕಿದೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಆಡ್ವಾಂಟೇಜ್ ಅನ್ನುವ ತನ್ನ ಮೈಲ್ಸ್ ಯೋಜನೆ ಶುರು ಮಾಡಿದ ಕಾಲದಿಂದಲೂ ಈ ವ್ಯವಹಾರದ ಬುಡ ಒಂದೇ. ಹೇಗೂ ಮಾರಾಟವಾಗದೆ ಖಾಲಿ ಹಾರುವ ಸೀಟನ್ನು ಕಾಯಂ ಗಿರಾಕಿಗೆ ಕೊಟ್ಟರೆ ಏರ್‌ಲೈನ್‌ಗೆ ಹೆಚ್ಚು ಖರ್ಚಿಲ್ಲ. ಅದಕ್ಕೇ ಹೊರಡುವ ದಿನ ಹತ್ತಿರ ಬಂದಾಗ, ಸುಮಾರು ಎರಡು ವಾರದಿಂದ ಎರಡು ದಿನದವರೆಗೆ, ಇನ್ನು ಇವು ಮಾರಾಟವಾಗುವುದಿಲ್ಲ ಅಂತ ಅವರ ಲೆಕ್ಕ ಹೇಳಿದ ಸೀಟುಗಳನ್ನು ಕೆಲವು ಏರ್‌ಲೈನ್‌ಗಳು ಅವಾರ್ಡ್‌ಗೆ ಬಿಡುತ್ತವೆ. ಎಲ್ಲರೂ ಬಿಡುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ, ಮಕ್ಕಳ ರಜೆಯಲ್ಲಿ ಯಾರೂ ಬಿಡದೇ ಇರಬಹುದು. ಇವತ್ತು ಬೆಳಿಗ್ಗೆ ಇಲ್ಲದ್ದು ಸಂಜೆ ಬರಬಹುದು, ಸಂಜೆ ಕಂಡದ್ದು ಊಟ ಮಾಡಿ ಬರುವುದರೊಳಗೆ ಹೋಗಬಹುದು. ಯಾವ ಏರ್‌ಲೈನ್‌ನಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳಲು ಯಾವ ಏಜೆಂಟನಿಗೂ ಆಗುವುದಿಲ್ಲ. ಅದಕ್ಕೇ ಪಾಯಿಂಟನ್ನು ಹಾಲಾಗಿಯೇ ಇಡಿ ಅಂತ ಬಡಿದುಕೊಳ್ಳುವುದು.

ಹುಡುಕುವಾಗ ಮೊದಲು ಒಬ್ಬರಿಗೆ ಹುಡುಕಿ. ಇಬ್ಬರು ಅಂತ ಹಾಕಿದರೆ, ಒಂದೇ ಸೀಟು ಇದ್ದಲ್ಲಿ ಏನೂ ಇಲ್ಲ ಅಂತ ತೋರಿಸುತ್ತದೆ. ಗಂಡ ಬುಧವಾರ, ಹೆಂಡತಿ ಶುಕ್ರವಾರ ಹೋದರೂ ನಡೆಯುತ್ತದೆ. ಆಮೇಲೆ, ಬೆಳಗಾವಿ ಅಂತ ಟೈಪ್ ಮಾಡಿ ಹುಡುಕಬೇಡಿ. ನಮ್ಮ ಸಾಂಬ್ರಾ ಏರ್‌ಪೋರ್ಟ್‌ನಿಂದ ಷಿಕಾಗೋಕ್ಕೆ ಅಂತ ಕೇಳಿದರೆ ಆ ಯಂತ್ರ ಸುಮ್ನೆ ಕೈ ಆಡಿಸಿಬಿಡುತ್ತದೆ. ಸಮುದ್ರ ದಾಟುವ ದೊಡ್ಡ ವಿಮಾನ ಮೊದಲು ಹುಡುಕಿ. ಸಾಂಬ್ರಾದಿಂದ ಅಲ್ಲಿಯವರೆಗೆ ಹೋಗುವುದು ಆಮೇಲಿನ ಮಾತು.

ನಮ್ಮವರು ಬೆಂಗಳೂರನ್ನು ಬಿಟ್ಟು ಬೇರೆ ಊರು ನೋಡಲು ಒಪ್ಪುವುದಿಲ್ಲ. ಬೆಂಗಳೂರೂ ನಮಗೆ ಸುಮಾರು 500 ಕಿಲೋಮೀಟರ್, ಮುಂಬೈಯೂ ಹೆಚ್ಚುಕಡಿಮೆ ಅಷ್ಟೇ. ರಾತ್ರಿ ಬಸ್ಸು ಎರಡೂ ಕಡೆ ಇದೆ. ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ಲಿ ದಾಬೋಲಿಮ್ ಏರ್‌ಪೋರ್ಟ್ ಜೊತೆಗೆ ಈಗ ಮೋಪಾ ಕೂಡ ಇದೆ. ಮಳೆಗಾಲದಲ್ಲಿ ಮಾತ್ರ ಆ ಘಾಟ್ ನಂಬಿ ಕಡೇ ಗಳಿಗೆಯಲ್ಲಿ ಹೊರಡಬೇಡಿ. ಬೆಂಗಳೂರಿನವರು ಬೆಂಗಳೂರಿಗೆ ಅಂಟಿಕೊಳ್ಳಬೇಕು, ನಮಗೆ ಆ ಹಂಗಿಲ್ಲ. ಇದು ನಮ್ಮ ಊರಿನ ಪುಣ್ಯ ಅಂತಲೇ ನಾನು ತಿಳಿದಿದ್ದೇನೆ.

ಇನ್ನೊಂದು ಮಾತು. ಸೀಟು ಒಂದು ಕಡೆ ಕಂಡರೆ ಸಾಲದು. ಲುಫ್ತಾನ್ಸಾ ಸೀಟನ್ನು ಕ್ರಿಸ್‌ಫ್ಲೈಯರ್ ಮೈಲ್ಸ್‌ನಿಂದ ತೆಗೆಯಬಹುದು, ಏರ್ ಕೆನಡಾದ ಏರೋಪ್ಲಾನ್‌ನಿಂದಲೂ ತೆಗೆಯಬಹುದು, ಎಲ್ಲವೂ ಸ್ಟಾರ್ ಅಲಯನ್ಸ್. ಒಂದರಲ್ಲಿ ಕಂಡರೆ ಇನ್ನೊಂದರಲ್ಲೂ ನೋಡಿ. ಒಂದೇ ಕಡೆ ಕಂಡು ಬೇರೆಲ್ಲೂ ಕಾಣದಿದ್ದರೆ ಅನುಮಾನ ಪಡಿ. ನಾವು ಅದಕ್ಕೆ ಫ್ಯಾಂಟಮ್ ಸೀಟು ಅನ್ನುತ್ತೇವೆ. ಪರದೆಯ ಮೇಲೆ ಇರುತ್ತದೆ, ತೆಗೆಯಲು ಹೋದರೆ ಇರುವುದಿಲ್ಲ. ನೀವು ಯಾವ ಏರ್‌ಲೈನ್‌ಗೆ ಪಾಯಿಂಟ್ ಕಳಿಸಬೇಕು ಅಂತಿದ್ದೀರೋ ಆ ಏರ್‌ಲೈನ್‌ನ ಸೈಟ್‌ನಲ್ಲೇ, ನಿಮ್ಮದೇ ಖಾತೆಯಿಂದ, ಹೆಸರು ತುಂಬಿಸಿ ದುಡ್ಡು ಕಟ್ಟುವ ಪುಟದ ಹತ್ತಿರದವರೆಗೆ ಹೋಗಿ ನೋಡಿ. ಮೈಲ್ಸ್ ಇಲ್ಲ ಅಂತ ನಡುವೆ ತಡೆದರೆ ಕಾಲ್ ಸೆಂಟರ್‌ಗೆ ಫೋನ್ ಮಾಡಿ, ಈ ದಿನ ಈ ವಿಮಾನದಲ್ಲಿ ಅವಾರ್ಡ್ ಇದೆಯಾ, ಹಿಡಿದಿಡಲು ಆಗುತ್ತದಾ ಅಂತ ಕೇಳಿ. ಹಿಡಿದಿಡುವವರು ಕಡಿಮೆ. ಆದರೂ ಕೇಳಿ.

"ಅಷ್ಟರೊಳಗ ಸೀಟ್ ಹೋದ್ರ?" ಹೋಗಬಹುದು, ಸುಳ್ಳು ಹೇಳುವುದಿಲ್ಲ. ಪಾಯಿಂಟ್ ಕೆಲವು ಕಡೆ ನಿಮಿಷದಲ್ಲಿ ಹೋಗುತ್ತದೆ, ಕೆಲವು ಕಡೆ ಎರಡು ಮೂರು ದಿನ ಹಿಡಿಯುತ್ತದೆ. ನಿಮ್ಮ ಕಾರ್ಡಿನಿಂದ ಎಷ್ಟು ಹೊತ್ತು ಅಂತ ಗಾಬರಿಯ ದಿನ ತಿಳಿಯಲು ಹೋಗಬೇಡಿ. ಇವತ್ತೇ, ಮನೆಯಲ್ಲಿ ಎಲ್ಲರೂ ಆರಾಮ ಇರುವಾಗ, ಎರಡು ಮೂರು ಏರ್‌ಲೈನ್‌ಗಳಲ್ಲಿ ಖಾತೆ ತೆರೆದಿಡಿ. ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಹೆಸರು ಬರೆಯಿರಿ, ಅಡ್ಡಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಪಾಯಿಂಟ್ ನಡುದಾರಿಯಲ್ಲಿ ನಿಲ್ಲಬಹುದು. ಖಾತೆಯನ್ನು ಕಾರ್ಡಿಗೆ ಜೋಡಿಸಿ, ಕಳಿಸಲು ಬರುವ ಕನಿಷ್ಠ ಪಾಯಿಂಟ್ ಕಳಿಸಿ, ಎಷ್ಟು ಹೊತ್ತಾಯಿತು ಅಂತ ಬರೆದಿಡಿ. ಅಪ್ಪ ಅಮ್ಮನಿಗೆ ಟಿಕೆಟ್ ತೆಗೆಯುವುದಿದ್ದರೆ ಅವರನ್ನು ನಾಮಿನಿ, ಅಂದರೆ ನಿಮ್ಮ ಮೈಲ್ಸ್‌ನಲ್ಲಿ ಟಿಕೆಟ್ ಪಡೆಯಬಹುದಾದವರು, ಅಂತ ಮಾಡಬೇಕಾದ ಕಡೆ ಮಾಡಿಡಿ. ಕ್ರಿಸ್‌ಫ್ಲೈಯರ್‌ನಲ್ಲಿ ಅದು ಬೇಕು.

ಮಧ್ಯರಾತ್ರಿ ದಾಟಿದ ಮೇಲೆ ಹೊರಡುವ ವಿಮಾನಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಟಿಕೆಟ್‌ನಲ್ಲಿ 14ನೇ ತಾರೀಖು ರಾತ್ರಿ 2 ಗಂಟೆ ಅಂತಿದ್ದರೆ 13ರ ರಾತ್ರಿಯೇ ನೀವು ಏರ್‌ಪೋರ್ಟ್‌ನಲ್ಲಿ ಇರಬೇಕು. 14ರ ಸಂಜೆ ಸಾಂಬ್ರಾದಿಂದ ಹೊರಟ ಕುಟುಂಬವನ್ನು ನಾನು ನೋಡಿದ್ದೇನೆ. ಸಾಂಬ್ರಾದ ಟಿಕೆಟ್ ಬೇರೆ, ದೊಡ್ಡ ವಿಮಾನದ ಟಿಕೆಟ್ ಬೇರೆ ಇದ್ದರೆ ಇಲ್ಲಿನ ವಿಮಾನ ತಡವಾದದ್ದಕ್ಕೆ ಅಲ್ಲಿನವರು ಜವಾಬ್ದಾರರಲ್ಲ. ಅರ್ಧ ದಿನ ಮೊದಲೇ ತಲುಪಿ. ನಡುವಿನ ದೇಶದ ಟ್ರಾನ್ಸಿಟ್ ವೀಸಾ ನಿಯಮ ಆ ದಿನವೇ ನೋಡಿ, ಅವು ಬದಲಾಗುತ್ತಿರುತ್ತವೆ.

ಹಿಂದೆ ಒಮ್ಮೆ ಬೈಲಹೊಂಗಲದ ಹುಡುಗನೊಬ್ಬ ಅಮೆರಿಕದಿಂದ ಫೋನ್ ಮಾಡಿದ್ದ. ತಂದೆ ಐಸಿಯುನಲ್ಲಿದ್ದರು. ಅವನು ಅಳುತ್ತಲೇ ಮೊದಲು ಹೇಳಿದ್ದು, "ಸರ್, ಪಾಯಿಂಟ್ ಇನ್ನೂ ಎಲ್ಲಿಗೂ ಕಳ್ಸಿಲ್ಲ, ನೀವು ಹೇಳ್ದಂಗ ಇಟ್ಟೇನಿ." ಎರಡು ವರ್ಷದ ಹಿಂದೆ ಹೇಳಿದ್ದು ನೆನಪಿಟ್ಟಿದ್ದ. ನಾಲ್ಕು ಊರು, ಮೂರು ಅಲಯನ್ಸ್ ಹುಡುಕಿದೆವು. ಬೆಂಗಳೂರಿಗೆ ಏನೂ ಇರಲಿಲ್ಲ. ಬೆಳಗಿನ ಜಾವ ಮುಂಬೈಗೆ ಒಂದು ಸೀಟು ಬಿತ್ತು. ಪಾಯಿಂಟ್ ಕಳಿಸಿ ಇಪ್ಪತ್ತು ನಿಮಿಷ ಇಬ್ಬರೂ ಫೋನ್ ಹಿಡಿದು ಸುಮ್ನೆ ಕೂತಿದ್ದೆವು. ಮೈಲ್ಸ್ ಬಂದವು, ಟಿಕೆಟ್ ಆಯಿತು. ಮುಂಬೈಯಿಂದ ಕಾರು ಮಾಡಿಕೊಂಡು ಬಂದ. ತಂದೆಗೆ ಇನ್ನೂ ಎಚ್ಚರವಿತ್ತು, ಮಗನ ಜೊತೆ ಮಾತಾಡಿದರು.

ಮೊನ್ನೆ ಶಹಾಪುರದ ಟೀಚರ್ ಒಬ್ಬರು ಬಂದಿದ್ದರು, ಸೊಸೆಯ ಹೆರಿಗೆಗೆ ಹೋಗಬೇಕಿತ್ತು. ಪಾಯಿಂಟ್ ಕಾರ್ಡಿನಲ್ಲೇ ಇತ್ತು. ಎರಡು ದಿನ ಸೀಟು ಬರಲಿಲ್ಲ, ಅವರೂ ಅವಸರ ಮಾಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಮುಂಬೈಯಿಂದ ಸಿಕ್ಕಿತು. ಟಿಕೆಟ್ ಪ್ರಿಂಟ್ ಕೊಡುತ್ತೇನೆ ಕೂಡ್ರಿ ಅಂದರೆ ಕೂಡಲಿಲ್ಲ. ಬಾಣಂತಿಗೆ ಅಂಟಿನ ಉಂಡೆ ಕಟ್ಟಬೇಕು, ಒಣಕೊಬ್ಬರಿ ಇನ್ನೂ ತಂದಿಲ್ಲ ಅಂತ ಖಡೇಬಜಾರ್ ಕಡೆ ನಡೆದೇಬಿಟ್ಟರು.