ಕಾಯ್ದೆ ಚಿಕ್ಕದು, ಆದೇಶ ದೊಡ್ಡದು: ಸಾಂಕ್ರಾಮಿಕದ ಕಾಲದ ಸರ್ಕಾರಿ ಅಪ್ಪಣೆಗಳು ಬಂದ ಹಾದಿ

2020ರ ಡಿಸೆಂಬರ್ 23ರಂದು ಕರ್ನಾಟಕ ಸರ್ಕಾರ ರಾತ್ರಿ ಕರ್ಫ್ಯೂ ಘೋಷಿಸಿತು. ಅಂದೇ ರಾತ್ರಿ 10ಕ್ಕೆ ಆರಂಭ ಎಂದು ಮೊದಲು ಹೇಳಿದ್ದು, ಆಮೇಲೆ ಮರುದಿನ ರಾತ್ರಿ 11ಕ್ಕೆ ಎಂದಾಯಿತು. ಮರುದಿನ, ಜಾರಿಗೆ ಇನ್ನು ಕೆಲವೇ ಗಂಟೆಗಳಿರುವಾಗ, ಆದೇಶವನ್ನೇ ಹಿಂಪಡೆಯಲಾಯಿತು. ಅದು ಆಗ ನಗೆಪಾಟಲಿನ ವಿಷಯವಾಗಿತ್ತು, ಆದರೆ ಅದರೊಳಗೆ ಗಂಭೀರವಾದ ಒಂದು ಪ್ರಶ್ನೆಯಿತ್ತು. ಆರು ಕೋಟಿಗೂ ಹೆಚ್ಚು ಜನರ ಓಡಾಟವನ್ನು ಒಂದು ದಿನ ಕಟ್ಟಿಹಾಕಿ ಮರುದಿನ ಬಿಡಿಸುವ ಅಧಿಕಾರ ಸರ್ಕಾರಕ್ಕೆ ಯಾವ ಕಾನೂನಿನಿಂದ ಬಂತು ಮತ್ತು ಆ ಕಾನೂನು ಸರ್ಕಾರದಿಂದ ಪ್ರತಿಯಾಗಿ ಏನನ್ನು ಕೇಳುತ್ತದೆ?

ಇದರ ಬೇರು 1896ರ ಮುಂಬೈಯಲ್ಲಿದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದರಿಗೆ ಹತ್ತಿರದ ಮಾಂಡವಿ ಬಡಾವಣೆಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಜನ ಊರು ಬಿಟ್ಟು ಓಡತೊಡಗಿದರು, ವ್ಯಾಪಾರಕ್ಕೆ ಪೆಟ್ಟು ಬಿತ್ತು. ಬ್ರಿಟಿಷ್ ಸರ್ಕಾರ ತರಾತುರಿಯಲ್ಲಿ ರೂಪಿಸಿದ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರ ಫೆಬ್ರುವರಿ 4ರಿಂದ ಜಾರಿಗೆ ಬಂತು. ಅದರಲ್ಲಿದ್ದದ್ದು ನಾಲ್ಕೇ ಕಲಮುಗಳು. ಮೊದಲನೆಯದು ಹೆಸರು ಮತ್ತು ವ್ಯಾಪ್ತಿಯದು. ಎರಡನೆಯದೇ ಕಾಯ್ದೆಯ ಜೀವ: ಇರುವ ಕಾನೂನುಗಳು ಸಾಲವೆಂದು ಸರ್ಕಾರಕ್ಕೆ ಅನ್ನಿಸಿದರೆ ತನಗೆ ಅಗತ್ಯವೆಂದು ತೋರಿದ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು, ಯಾವ ನಿಯಮವನ್ನಾದರೂ ವಿಧಿಸಬಹುದು. ಮೂರನೆಯದು ಮೀರಿದವರಿಗೆ ದಂಡಸಂಹಿತೆಯ 188ನೇ ಕಲಮಿನ ಶಿಕ್ಷೆ ಎನ್ನುತ್ತದೆ. ನಾಲ್ಕನೆಯದು, ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ. ಸಾಂಕ್ರಾಮಿಕ ರೋಗ ಎಂದರೆ ಏನೆಂಬುದಕ್ಕೂ ಅದರಲ್ಲಿ ವ್ಯಾಖ್ಯಾನವಿರಲಿಲ್ಲ. ರೋಗಿಗೆ ಚಿಕಿತ್ಸೆ ಕೊಡಬೇಕು, ಮನೆಯೊಳಗೆ ಕೂಡಿಹಾಕಿದವನಿಗೆ ಅನ್ನ ಮುಟ್ಟಿಸಬೇಕು ಎಂಬ ಮಾತಂತೂ ಎಲ್ಲೂ ಇಲ್ಲ.

ಇಷ್ಟು ಸಡಿಲವಾದ ಅಧಿಕಾರ ಹೇಗೆ ವರ್ತಿಸುತ್ತದೆಂಬುದು ಕೆಲವೇ ತಿಂಗಳಲ್ಲಿ ಪುಣೆಯಲ್ಲಿ ಗೊತ್ತಾಯಿತು. ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಸಾಮಾನುಗಳನ್ನು ಬೀದಿಗೆಸೆದು ಸುಟ್ಟರು. ಪ್ಲೇಗ್ ಸಮಿತಿಯ ಮುಖ್ಯಸ್ಥ ರ‍್ಯಾಂಡ್‌ನನ್ನು 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗುಂಡಿಟ್ಟರು. ಸರ್ಕಾರದ ಕ್ರಮಗಳನ್ನು ಕಟುವಾಗಿ ಟೀಕಿಸಿದ್ದ ತಿಲಕರು ಅದೇ ವರ್ಷ ರಾಜದ್ರೋಹದ ಆರೋಪದಲ್ಲಿ ಜೈಲಿಗೆ ಹೋದರು. 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಬಸವನಗುಡಿ, ಮಲ್ಲೇಶ್ವರದಂಥ ವಿಶಾಲ ಬೀದಿಗಳ ಬಡಾವಣೆಗಳು ಆ ಕಾಲದ ಕೊಡುಗೆ. ಪ್ಲೇಗಮ್ಮನ ಗುಡಿಗಳೂ ಅಷ್ಟೇ.

ಸ್ವಾತಂತ್ರ್ಯದ ನಂತರ ಕಾಯ್ದೆಯನ್ನು ಯಾರೂ ಹೆಚ್ಚು ಮುಟ್ಟಲಿಲ್ಲ. ಸಂವಿಧಾನದ ಏಳನೇ ಅನುಸೂಚಿಯು ಸಾರ್ವಜನಿಕ ಆರೋಗ್ಯವನ್ನು ರಾಜ್ಯಪಟ್ಟಿಯ 6ನೇ ನಮೂದಿನಲ್ಲಿ ಇಟ್ಟಿತು. ಸೋಂಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಬ್ಬುವುದನ್ನು ತಡೆಯುವ ವಿಷಯವನ್ನು ಸಮವರ್ತಿ ಪಟ್ಟಿಯ 29ನೇ ನಮೂದಿನಲ್ಲಿ ಇಟ್ಟಿತು. ಆಸ್ಪತ್ರೆ ರಾಜ್ಯದ್ದು, ಗಡಿ ದಾಟುವ ರೋಗ ಇಬ್ಬರದ್ದೂ. ಇದರ ಜೊತೆಗೆ, 2004ರ ಸುನಾಮಿಯ ಬಳಿಕ ಬಂದ 2005ರ ವಿಪತ್ತು ನಿರ್ವಹಣಾ ಕಾಯ್ದೆ ಸೇರಿತು. ಬಿರುಗಾಳಿ, ಭೂಕಂಪ, ನೆರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ ಕಾನೂನು ಹದಿನೈದು ವರ್ಷಗಳ ನಂತರ ಒಂದು ವೈರಾಣುವಿಗೆ ಬಳಕೆಯಾಗಲಿದೆ ಎಂದು ಅದನ್ನು ರೂಪಿಸಿದವರು ಎಣಿಸಿರಲಾರರು.

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದೆಂದು ಎರಡು ದಿನಗಳ ಬಳಿಕ ದೃಢಪಟ್ಟಿತು. ಈ ನಡುವೆ, ಮಾರ್ಚ್ 11ರಂದು, ರಾಜ್ಯ ಸರ್ಕಾರ 1897ರ ಕಾಯ್ದೆಯಡಿ ಕೋವಿಡ್-19 ನಿಯಮಾವಳಿಯನ್ನು ಹೊರಡಿಸಿತ್ತು. ಮಾಲು, ಚಿತ್ರಮಂದಿರ, ಮದುವೆ, ಜಾತ್ರೆಗಳಿಗೆ ಒಂದು ವಾರದ ತಡೆ ಎಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮಾರ್ಚ್ 13ರಂದು ಪ್ರಕಟಿಸಿದರು. ಆ ಒಂದು ವಾರ ಎಷ್ಟು ಉದ್ದವಾಯಿತೆಂಬುದನ್ನು ಯಾರಿಗೂ ನೆನಪಿಸಬೇಕಿಲ್ಲ. ಮಾರ್ಚ್ 25ರಿಂದ ಕೇಂದ್ರದ ಲಾಕ್‌ಡೌನ್ ಜಾರಿಯಾದಾಗ ಅದಕ್ಕೆ ಆಧಾರವಾದದ್ದು ವಿಪತ್ತು ಕಾಯ್ದೆ. ಅಲ್ಲಿಂದಾಚೆಗೆ ರಾಜ್ಯದಲ್ಲಿ ಬಂದ ಬಹುಪಾಲು ನಿರ್ಬಂಧಗಳಿಗೆ ಸಹಿ ಹಾಕಿದವರು ಅದೇ ಕಾಯ್ದೆಯಡಿಯ ರಾಜ್ಯ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾದ ಮುಖ್ಯ ಕಾರ್ಯದರ್ಶಿ. ಪತ್ರಿಕಾಗೋಷ್ಠಿಯಲ್ಲಿ ಮಾತಾಡುತ್ತಿದ್ದವರು ಮಂತ್ರಿಗಳು, ಕಾಗದದ ಮೇಲೆ ಇರುತ್ತಿದ್ದ ಸಹಿ ಅಧಿಕಾರಿಯದು. ಹೀಗಾಗಿ ಟಿವಿಯಲ್ಲಿ ಕೇಳಿದ್ದಕ್ಕೂ ರಾತ್ರಿ ಹೊರಬಿದ್ದ ಮಾರ್ಗಸೂಚಿಗೂ ತಾಳೆಯಾಗದೆ ಜನ ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ತಬ್ಬಿಬ್ಬಾಗುತ್ತಿದ್ದರು.

ಆ ದಿನಗಳ ಅಧಿಕಾರವನ್ನು ಹತ್ತಿರದಿಂದ ನೋಡಬೇಕೆಂದರೆ ವಿಮಾನ ಇಳಿದು ಬಂದವರ ಎಡಗೈಯನ್ನು ನೋಡಬೇಕು. ಮನೆವಾಸದ ಕೊನೆಯ ದಿನಾಂಕವನ್ನು ಅಳಿಸಲಾಗದ ಶಾಯಿಯ ಮುದ್ರೆಯಲ್ಲಿ ಅಲ್ಲಿ ಒತ್ತಲಾಗುತ್ತಿತ್ತು. ಮತ ಹಾಕಿದ್ದರ ಗುರುತಾಗಿ ಬೆರಳಿಗೆ ಬೀಳುತ್ತಿದ್ದ ಶಾಯಿ ಈಗ ಶಂಕಿತನ ಗುರುತಾಯಿತು. ಮನೆಯಲ್ಲಿ ಪ್ರತ್ಯೇಕವಾಗಿರುವವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದರಂತೆ ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಕಳಿಸಬೇಕೆಂದು ಮಾರ್ಚ್ ಕೊನೆಯಲ್ಲಿ ಸೂಚನೆ ಬಂತು. ಅದಕ್ಕೂ ಮುಂಚೆ ಅವರ ವಿಳಾಸಗಳ ಪಟ್ಟಿಯನ್ನು ಜಿಲ್ಲಾವಾರು ಬಹಿರಂಗಪಡಿಸಲಾಗಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಒಮ್ಮತದಿಂದ ಹೇಳಿ ಮೂರು ವರ್ಷವೂ ಆಗಿರಲಿಲ್ಲ. ಮುದ್ರೆಗೆ, ಸೆಲ್ಫಿಗೆ, ಪಟ್ಟಿಗೆ ಶಾಸನದಲ್ಲಿ ಬಿಡಿಬಿಡಿಯಾದ ಆಧಾರವೇನೂ ಇರಲಿಲ್ಲ. 'ಅಗತ್ಯವೆಂದು ತೋರಿದ ಕ್ರಮ' ಎಂಬ 1897ರ ಚೀಲದೊಳಗೆ ಎಲ್ಲವೂ ಹಿಡಿಸಿತು.

ಸಮವರ್ತಿ ಪಟ್ಟಿಯ ಆ 29ನೇ ನಮೂದು ತಲಪಾಡಿಯಲ್ಲಿ ಪರೀಕ್ಷೆಗೆ ಒಳಗಾಯಿತು. ಕರ್ನಾಟಕ ಕೇರಳದ ಗಡಿಯನ್ನು ಮುಚ್ಚಿ, ಕೆಲವು ರಸ್ತೆಗಳ ಮೇಲೆ ಮಣ್ಣು ಸುರಿಸಿತು. ದೊಡ್ಡ ಕಾಯಿಲೆ ಬಂದರೆ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿರುವ ಕಾಸರಗೋಡಿನ ಜನ ಗಡಿಯಲ್ಲಿ ಸಿಕ್ಕಿಬಿದ್ದರು. ತಡೆಯನ್ನು ತೆರವುಗೊಳಿಸುವಂತೆ ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಕೇಂದ್ರಕ್ಕೆ ನಿರ್ದೇಶನ ಕೊಟ್ಟಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕೋವಿಡ್ ಅಲ್ಲದ ತುರ್ತು ರೋಗಿಗಳನ್ನು ಯಾವ ಷರತ್ತಿನ ಮೇಲೆ ಬಿಡಬೇಕೆಂಬುದರ ಬಗ್ಗೆ ರಾಜ್ಯಗಳ ನಡುವೆ ಒಪ್ಪಂದವಾಗಿದೆ ಎಂದು ಕೇಂದ್ರ ತಿಳಿಸಿದ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಗಿಯಿತು. ಒಂದು ರಾಜ್ಯ ತನ್ನ ಗಡಿಯನ್ನು ಹೀಗೆ ಮುಚ್ಚಬಹುದೇ ಎಂಬ ಮೂಲ ಪ್ರಶ್ನೆಗೆ ಮಾತ್ರ ತೀರ್ಪು ಸಿಗಲೇ ಇಲ್ಲ.

ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ ಶಂಕಿತರನ್ನು ಕರೆದೊಯ್ಯಲು ಹೋದ ಸಿಬ್ಬಂದಿಯ ಮೇಲೆ ದಾಳಿ ನಡೆಯಿತು. ಬೆನ್ನಲ್ಲೇ ಬಂದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆಯು ಹಳೆಯ ಕಾಯ್ದೆಯ ಜಾಗಕ್ಕೆ ರಾಜ್ಯದ್ದೇ ಆದ ಕಾನೂನನ್ನು ತಂದಿತು. ಗಡಿ ಮುಚ್ಚುವುದು, ಸಾರಿಗೆ ನಿಯಂತ್ರಿಸುವುದು, ಗುಂಪು ಸೇರುವುದನ್ನು ತಡೆಯುವುದು ಎಂದು ಅಧಿಕಾರಗಳನ್ನು ಅದು ಹೆಸರಿಸಿ ಹೇಳಿತು. ಆಸ್ತಿಗೆ ಹಾನಿ ಮಾಡಿದವರಿಂದ ಎರಡು ಪಟ್ಟು ವಸೂಲಿ ಎಂದೂ ಸೇರಿಸಿತು. ಕಾನೂನು ಸ್ಪಷ್ಟವಾದದ್ದು ಒಳ್ಳೆಯದೇ. ಆದರೆ ಅದು ಬಿಡಿಸಿ ಹೇಳಿದ್ದು ಸರ್ಕಾರದ ಅಧಿಕಾರಗಳನ್ನು. ಸರ್ಕಾರದ ಕರ್ತವ್ಯಗಳ ವಿಚಾರದಲ್ಲಿ 1897ರ ಮೌನವೇ ಮುಂದುವರಿಯಿತು. ಮಾರ್ಚ್ ಕೊನೆಯಲ್ಲಿ ಬಜೆಟ್ ಅಧಿವೇಶನ ಮುಗಿಸಿದ ವಿಧಾನಮಂಡಲ ಮತ್ತೆ ಸೇರಿದ್ದು ಸೆಪ್ಟೆಂಬರ್ 21ಕ್ಕೆ, ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದೆಂಬ ಸಂವಿಧಾನದ ಗಡುವಿನ ಅಂಚಿನಲ್ಲಿ. ಈ ನಡುವೆ ರಾಜ್ಯ ನಡೆದದ್ದೆಲ್ಲ ಆದೇಶಗಳ ಮೇಲೆ.

ಕಡಿವಾಣ ಬಿದ್ದದ್ದೆಲ್ಲ ಹೊರಗಿನಿಂದ. ಮೇ 5ರಂದು ವಲಸೆ ಕಾರ್ಮಿಕರ ರೈಲುಗಳನ್ನು ರದ್ದುಪಡಿಸಿದ ಸರ್ಕಾರ, ದೇಶದಾದ್ಯಂತ ಟೀಕೆ ಎದ್ದಾಗ ಎರಡೇ ದಿನದಲ್ಲಿ ಹಿಂದೆ ಸರಿಯಿತು. ಮೇ 22ರಂದು ಕಾರ್ಖಾನೆಗಳ ಕೆಲಸದ ಅವಧಿಯನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಏರಿಸಿದ ಅಧಿಸೂಚನೆ 1948ರ ಕಾರ್ಖಾನೆ ಕಾಯ್ದೆಯ 5ನೇ ಕಲಮನ್ನು ಆಧರಿಸಿತ್ತು. ಆ ಕಲಮು ಹೇಳುವ 'ಸಾರ್ವಜನಿಕ ತುರ್ತು' ಎಂದರೆ ಯುದ್ಧ, ಹೊರಗಿನ ಆಕ್ರಮಣ ಅಥವಾ ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೆ ಒದಗುವ ಅಪಾಯ. ಹೈಕೋರ್ಟ್ ಇದನ್ನು ಎತ್ತಿ ಕೇಳಿದ ಮೇಲೆ ಜೂನ್‌ನಲ್ಲಿ ಅಧಿಸೂಚನೆ ವಾಪಸಾಯಿತು. ಗುಜರಾತಿನ ಇಂಥದೇ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ ಅಕ್ಟೋಬರ್ 1ರಂದು ರದ್ದುಪಡಿಸಿ, ಸಾಂಕ್ರಾಮಿಕವು ಆ ಅರ್ಥದ ತುರ್ತು ಪರಿಸ್ಥಿತಿಯಲ್ಲ ಎಂದಿತು. ಮಾಸ್ಕ್ ದಂಡದ ಕಥೆ ಇನ್ನೂ ಚಿಕ್ಕದು: ಅಕ್ಟೋಬರಿನ ಆರಂಭದಲ್ಲಿ ನಗರಗಳಲ್ಲಿ 1,000 ರೂಪಾಯಿಗೆ ಏರಿದ್ದು ಒಂದೇ ವಾರದಲ್ಲಿ 250ಕ್ಕೆ ಇಳಿಯಿತು.

ಆದೇಶಕ್ಕೆ ರಾಜಕೀಯದ ಬಣ್ಣ ಮೆತ್ತಿಕೊಂಡದ್ದು ಕೊನೆಯ ಹಂತದಲ್ಲಿ. 2022ರ ಜನವರಿಯಲ್ಲಿ ವಾರಾಂತ್ಯ ಕರ್ಫ್ಯೂ ಇದ್ದಾಗಲೇ ಕಾಂಗ್ರೆಸ್ ಮೇಕೆದಾಟು ಪಾದಯಾತ್ರೆ ಹೊರಟಿತು. ನಿರ್ಬಂಧ ತಮ್ಮ ಯಾತ್ರೆಗೆಂದೇ ಬಂದದ್ದು ಎಂದು ಅವರು, ಯಾತ್ರೆಯೇ ಸೋಂಕಿನ ಮೂಲ ಎಂದು ಸರ್ಕಾರ. ತಡೆಯದೆ ಸುಮ್ಮನಿದ್ದದ್ದೇಕೆ ಎಂದು ಹೈಕೋರ್ಟ್ ಸರ್ಕಾರವನ್ನೇ ಕೇಳಿದ ಬಳಿಕ ನಿಷೇಧದ ಆದೇಶ ಹೊರಬಿತ್ತು, ಯಾತ್ರೆ ರಾಮನಗರದಲ್ಲಿ ನಿಂತಿತು.

ಕೇಂದ್ರ ಗೃಹ ಸಚಿವಾಲಯ ವಿಪತ್ತು ಕಾಯ್ದೆಯಡಿಯ ಕೋವಿಡ್ ಆದೇಶಗಳನ್ನು 2022ರ ಮಾರ್ಚ್ 31ಕ್ಕೆ ಕೊನೆಗೊಳಿಸಿತು. 1897ರ ಕಾಯ್ದೆಯ ಕೊರತೆಗಳನ್ನು ಪರಿಶೀಲಿಸಿದ ಕಾನೂನು ಆಯೋಗ 2024ರ ಫೆಬ್ರುವರಿಯಲ್ಲಿ ಕೊಟ್ಟ 286ನೇ ವರದಿಯಲ್ಲಿ, ಕೇಂದ್ರ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಅಧಿಕಾರವನ್ನು ಬೇರ್ಪಡಿಸಿ ಹೇಳುವ ಸಾಂಕ್ರಾಮಿಕ ಯೋಜನೆಯೊಂದು ಬೇಕು ಎಂದಿತು. ಆ ವರ್ಷದ ಜುಲೈ 1ರಂದು ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 188ನೇ ಕಲಮಿನ ಜಾಗದಲ್ಲಿ 223ನೇ ಕಲಮು ನಿಂತಿತು ಮತ್ತು 1,000 ರೂಪಾಯಿಯ ಗರಿಷ್ಠ ದಂಡ 5,000ಕ್ಕೆ ಏರಿತು. ಪ್ಲೇಗಿನ ಕಾಲದ ಕಾಯ್ದೆಯಡಿ ಹೊರಡುವ ಆದೇಶವನ್ನು ಮೀರಿದವರಿಗೆ ಶಿಕ್ಷೆ ಹೆಚ್ಚಿದ್ದು ಹೀಗೆ, ಆರೋಗ್ಯದ ಕಾನೂನಿನಲ್ಲಿ ಒಂದಕ್ಷರವನ್ನೂ ತಿದ್ದದೆ.