ಪೋಚಿಂಗ್: ಬೇಲಿ ದಾಟಿದ್ದು ಯಾರು?

‘ನಮ್ಮ ಕ್ವಾರ್ಟರ್‌ಬ್ಯಾಕನ್ನು ಪೋಚ್ ಮಾಡಿಬಿಟ್ಟರು.’ ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಮತ್ತೆ ಈ ಸಾಲು ಕಂಡಿತು. ಮಾತು ಕಾಲೇಜು ಫುಟ್‌ಬಾಲ್‌ನದು, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ ಆಟ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನು, ಪೋಚ್ ಮಾಡುವುದು ಅಂದರೆ ಬೇರೆಯವರ ಆಟಗಾರನನ್ನು ಸೆಳೆದುಕೊಳ್ಳುವುದು. ಆ ಹುಡುಗ ತಾನಾಗಿ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿಯಲ್ಲಿ, ಹೆಸರು ಬರೆಸಿದ್ದ. ಆಮೇಲೆ ಎರಡು ಮೂರು ಕಾಲೇಜು ನೋಡಿಕೊಂಡು ಬಂದ, ಅಪ್ಪ ಅಮ್ಮನ ಜೊತೆ ಕೂತು ಮಾತಾಡಿದ, ಒಂದನ್ನು ಆರಿಸಿಕೊಂಡ. ಇದರಲ್ಲಿ ಪೋಚಿಂಗ್ ಎಲ್ಲಿಂದ ಬಂತು? ಅದರ ಕೆಳಗೇ ಇನ್ನೊಬ್ಬರು ಆ ಮಾತನ್ನು ಕನ್ನಡಕ್ಕೆ ತಂದು ‘ಆಟಗಾರರ ಕಳ್ಳಬೇಟೆ’ ಎಂದು ಬರೆದಿದ್ದರು. ಅದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ಮೊದಲು ಪದದ ಹುಟ್ಟು ನೋಡೋಣ, ಏಕೆಂದರೆ ಗೊಂದಲದ ಬೇರು ಅಲ್ಲೇ ಇದೆ. ಇಂಗ್ಲಿಷಿನ ‘ಪೋಚ್’ ಫ್ರೆಂಚಿನಿಂದ ಬಂದದ್ದು. ಕುದಿಯುವ ನೀರಿಗೆ ಒಡೆದು ಬಿಡುವ ಮೊಟ್ಟೆಯ ‘ಪೋಚ್’ಗೆ ಮೂಲ ಚೀಲ ಎಂಬ ಅರ್ಥದ ‘ಪೋಶ್’. ಬಿಳಿಯ ಚೀಲದೊಳಗೆ ಹಳದಿ ಕೂತಿರುತ್ತದಲ್ಲ, ಅದಕ್ಕೆ ಆ ಹೆಸರು. ಬೇಟೆಯ ‘ಪೋಚ್’ ಬಗ್ಗೆ ಎರಡು ಮಾತಿವೆ. ಮೊಲವನ್ನೋ ಹಕ್ಕಿಯನ್ನೋ ಹಿಡಿದು ಚೀಲಕ್ಕೆ ಹಾಕಿಕೊಳ್ಳುವುದು ಎಂದು ಕೆಲವರು ಹೇಳುತ್ತಾರೆ. ತಿವಿ, ಒಳಗೆ ನುಗ್ಗು ಎಂಬ ಅರ್ಥದ ಕ್ರಿಯಾಪದದಿಂದ ಬಂದಿದೆ ಎಂದು ಇನ್ನು ಕೆಲವರು. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಇಂಗ್ಲೆಂಡಿನ ಕಾನೂನು ಈ ಪದವನ್ನು ಬಳಸಿಕೊಂಡು ಬಂದದ್ದೂ ಆ ಅರ್ಥದಲ್ಲೇ.

ಅಲ್ಲಿನ ಹಳೆಯ ಕಾನೂನಿನಲ್ಲಿ ಕಾಡುಪ್ರಾಣಿಗೆ ಒಡೆಯನಿಲ್ಲ. ಓಡಾಡುವ ಮೊಲ ಯಾರದ್ದೂ ಅಲ್ಲ. ಆದರೆ ಅದನ್ನು ಹಿಡಿಯುವ ಹಕ್ಕು ಎಲ್ಲರಿಗೂ ಇರಲಿಲ್ಲ. 1671ರ ಬೇಟೆ ಕಾಯ್ದೆಯ ಪ್ರಕಾರ ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಜಮೀನು ಇದ್ದವರಂಥ ಸ್ಥಿತಿವಂತರಷ್ಟೇ ಬೇಟೆಯಾಡಬಹುದಿತ್ತು. 1723ರ ‘ಕಪ್ಪು ಕಾಯ್ದೆ’ಯಂತೂ ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಹೊಡೆಯಲು ಬಂದವರಿಗೆ ಮರಣದಂಡನೆಯನ್ನೇ ಇಟ್ಟಿತು. ಇಷ್ಟು ಕ್ರೂರವಾದ ಕಾನೂನಿನಲ್ಲೂ ಒಂದು ಮಾತು ಸ್ಪಷ್ಟವಿತ್ತು. ಪೋಚರ್ ಮಾಡಿದ ತಪ್ಪು ಕಳ್ಳತನವಲ್ಲ, ಒಡೆಯನೇ ಇಲ್ಲದ ಪ್ರಾಣಿಯನ್ನು ಕದಿಯುವುದು ಹೇಗೆ? ತನಗೆ ಹಕ್ಕಿಲ್ಲದ ಜಾಗದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಬೇಲಿ ದಾಟಿ ಒಳಗೆ ಬಂದದ್ದೇ ಅವನ ತಪ್ಪು.

‘ಕಳ್ಳಬೇಟೆ’ ಎಂದ ಕೂಡಲೇ ನಮ್ಮ ಕಿವಿಗೆ ಬಂಡೀಪುರ, ನಾಗರಹೊಳೆ ಕೇಳಿಸುತ್ತವೆ: ಉರುಳು, ಬಂದೂಕು, ಸತ್ತುಬಿದ್ದ ಆನೆ. ಒಂದು ಜೀವ ಹೋಗಿರುತ್ತದೆ, ಅರಣ್ಯದ ಸೊತ್ತು ಕಳುವಾಗಿರುತ್ತದೆ. ಈ ಪದವನ್ನು ಹತ್ತೊಂಬತ್ತು ವರ್ಷದ ಹುಡುಗನ ಮೇಲೆ ಹಾಕಿದರೆ ಅವನು ಯಾರದ್ದೋ ಆಸ್ತಿಯಾಗುತ್ತಾನೆ. ಬಿಟ್ಟುಹೋದದ್ದೇ ಅವನ ಅಪರಾಧವಾಗುತ್ತದೆ. ಪೋಚಿಂಗ್ ಎಂಬುದು ಬಂದು ಕರೆದವನ ತಪ್ಪಿಗೆ ಇರುವ ಹೆಸರು. ಎದ್ದು ಹೋದವನಿಗೆ ಅದನ್ನು ಅಂಟಿಸಬಾರದು.

ಹಾಗಾದರೆ ಕಾಲೇಜು ಫುಟ್‌ಬಾಲ್‌ನಲ್ಲಿ ಬೇಲಿ ಎಲ್ಲಿದೆ? ಮೊದಲು ಆ ಬೇಲಿಯನ್ನು ಕಾಲೇಜೇ ಹಾಕಿಕೊಂಡಿತ್ತು. ಬೇರೆ ಕಾಲೇಜಿನ ಜೊತೆ ಮಾತಾಡಬೇಕಾದರೂ ಹುಡುಗ ತನ್ನ ಕಾಲೇಜಿನ ಒಪ್ಪಿಗೆ ಪಡೆಯಬೇಕಿತ್ತು. ಒಪ್ಪಿಗೆ ಸಿಗದೆ ಹೋದವರೂ ಇದ್ದರು. 2018ರ ಅಕ್ಟೋಬರ್ 15ರಂದು ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಪೋರ್ಟಲ್ ತೆರೆದ ಮೇಲೆ ಒಪ್ಪಿಗೆಯ ಮಾತು ಹೋಯಿತು, ತಿಳಿಸಿದರೆ ಸಾಕು. ಹುಡುಗ ಬರೆದು ಕೊಟ್ಟ ಮೇಲೆ ಎರಡು ಕೆಲಸದ ದಿನಗಳೊಳಗೆ ಕಾಲೇಜು ಅವನ ಹೆಸರನ್ನು ಪೋರ್ಟಲ್‌ಗೆ ಹಾಕಬೇಕು. 2021ರಲ್ಲಿ ಒಂದು ಸಲದ ಮಟ್ಟಿಗೆ, ಕಾಲೇಜು ಬದಲಿಸಿದವರು ಒಂದು ವರ್ಷ ಹೊರಗೆ ಕೂರದೆ ಆಡುವ ಅವಕಾಶ ಬಂತು. 2024ರಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಎಂದಾಯಿತು. 2026ರಿಂದ ಫುಟ್‌ಬಾಲ್‌ಗೆ ಪೋರ್ಟಲ್ ಬಾಗಿಲು ಜನವರಿ 2ರಿಂದ 16ರವರೆಗೆ ತೆರೆದಿರುತ್ತದೆ. ಕೋಚ್ ಬದಲಾದ ತಂಡಗಳಿಗೆ ಬೇರೆ ಗಡುವಿದೆ.

ಹೆಸರು ಪೋರ್ಟಲ್‌ಗೆ ಬಿದ್ದ ಮೇಲೆ ಯಾವ ಕೋಚ್ ಬೇಕಾದರೂ ಫೋನ್ ಮಾಡಬಹುದು. ಅದು ರಿಕ್ರೂಟಿಂಗ್, ಆಟಗಾರರನ್ನು ತಂಡಕ್ಕೆ ಕರೆಯುವ ಅವರ ದಿನನಿತ್ಯದ ಕೆಲಸ. ಹೆಸರು ಬೀಳುವ ಮೊದಲೇ ಮಾಡಿದರೆ ಅದು ಟ್ಯಾಂಪರಿಂಗ್, ನಿಯಮದ ಉಲ್ಲಂಘನೆ. ಪೋಚಿಂಗ್ ಎಂದು ಕರೆಯಬೇಕಾದದ್ದು ಇದೊಂದನ್ನೇ. ಬಹಳಷ್ಟು ಸಲ ಕೋಚ್ ತಾನೇ ಹುಡುಗನಿಗೆ ಫೋನ್ ಮಾಡುವುದಿಲ್ಲ. ಹುಡುಗನ ಹೈಸ್ಕೂಲ್ ಕೋಚ್‌ಗೋ, ಹಳೆಯ ಜೊತೆಗಾರನಿಗೋ, ಏಜೆಂಟನಿಗೋ ಒಂದು ಮಾತು ಹೋಗುತ್ತದೆ: ‘ಅವನು ಬರುವ ಹಾಗಿದ್ದರೆ ಇಲ್ಲಿ ಜಾಗ ಇದೆ.’ 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಬಹುದಾದ್ದರಿಂದ ಆ ಮಾತಿನ ಜೊತೆ ಒಂದು ಮೊತ್ತವೂ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ಇದಕ್ಕೆ ಕಿವಿ ಕಚ್ಚುವುದು ಎಂಬ ಮಾತು ಇದ್ದೇ ಇದೆ. ಕಳ್ಳಬೇಟೆಗಿಂತ ಎಷ್ಟೋ ಹತ್ತಿರದ ಮಾತು. ಯಾರು ಮಾಡಿದ್ದು, ಹೇಗೆ ಮಾಡಿದ್ದು, ಎರಡೂ ಅದರಲ್ಲಿದೆ.

2022ರಲ್ಲಿ ಆಟಗಾರ ಜಾರ್ಡನ್ ಆಡಿಸನ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಬಿಟ್ಟು ಯುಎಸ್‌ಸಿಗೆ (ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ) ಹೋದಾಗ ಎಲ್ಲರ ಬಾಯಲ್ಲೂ ಪೋಚಿಂಗ್. ಅದರ ಹಿಂದಿನ ವರ್ಷವಷ್ಟೇ ಅವರು ದೇಶದ ಅತ್ಯುತ್ತಮ ರಿಸೀವರ್‌ಗೆ (ಎಸೆದ ಚೆಂಡು ಹಿಡಿಯುವ ಆಟಗಾರ) ಕೊಡುವ ಬಿಲೆಟ್‌ನಿಕಾಫ್ ಪ್ರಶಸ್ತಿ ಗೆದ್ದಿದ್ದರು. ಹೆಸರು ಪೋರ್ಟಲ್‌ಗೆ ಬೀಳುವ ಮೊದಲೇ ಯುಎಸ್‌ಸಿಯ ಸುದ್ದಿ ಓಡಾಡಿತ್ತು, ಆದ್ದರಿಂದ ಪ್ರಶ್ನೆ ಕೇಳಿದ್ದು ನ್ಯಾಯವೇ. ಆದರೆ ಪ್ರಶ್ನೆ ಕೇಳಿದ ಮಾತ್ರಕ್ಕೆ ತಪ್ಪು ಸಾಬೀತಾದಂತಲ್ಲ. 2025ರ ಜೂನ್‌ನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮಯಾಮಿ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದ್ದು ಇನ್ನೂ ಮುಖ್ಯವಾದ ಪ್ರಕರಣ. ಅಲ್ಲಿ ಆಟಗಾರನ ಜೊತೆ ಹಣದ ಒಪ್ಪಂದವೇ ಆಗಿತ್ತು. ಅವನ ಹೆಸರನ್ನು ಪೋರ್ಟಲ್‌ಗೆ ಹಾಕಲು ವಿಸ್ಕಾನ್ಸಿನ್ ಒಪ್ಪಲಿಲ್ಲ, ಅವನು ಪೋರ್ಟಲ್ ಇಲ್ಲದೆಯೇ ಹೊರಟ. ದಾವೆ ಹೂಡಿದ್ದು ಹುಡುಗನ ಮೇಲಲ್ಲ, ನಮ್ಮ ಒಪ್ಪಂದದಲ್ಲಿ ಕೈ ಹಾಕಿದಿರಿ ಎಂದು ಇನ್ನೊಂದು ವಿಶ್ವವಿದ್ಯಾಲಯದ ಮೇಲೆ. ಆರೋಪ ನಿಲ್ಲಲಿ, ಬಿಡಲಿ, ಪದದ ಬಳಕೆ ಮಾತ್ರ ಅಲ್ಲಿ ಸರಿಯಾಗಿದೆ.

ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಕತೆಯನ್ನೂ ಜನ ಇದೇ ಬುಟ್ಟಿಗೆ ಹಾಕುತ್ತಾರೆ. ಹದಿಮೂರು ಆಟಗಾರರಿಗೆ ಗುಟ್ಟಾಗಿ 61,000 ಡಾಲರ್ ಕೊಟ್ಟದ್ದಕ್ಕೆ ಎನ್‌ಸಿಎಎ 1987ರ ಇಡೀ ಋತುವನ್ನೇ ರದ್ದು ಮಾಡಿತು. ದೊಡ್ಡ ತಪ್ಪೇ ಸರಿ, ಆದರೆ ಪೋಚಿಂಗ್ ಅಲ್ಲ. ಅವರು ದುಡ್ಡು ಕೊಟ್ಟದ್ದು ತಮ್ಮದೇ ಆಟಗಾರರಿಗೆ. ಬಾಯಿಮಾತಿನ ಕಮಿಟ್‌ಮೆಂಟ್ ಕೊಟ್ಟ ಹೈಸ್ಕೂಲ್ ಹುಡುಗ ಸಹಿ ಹಾಕುವ ಮುಂಚೆ ಮನಸ್ಸು ಬದಲಿಸಿದರೆ ಅದೂ ಅಲ್ಲ. ಸಹಿಯಾಗುವ ತನಕ ಎಲ್ಲರೂ ಅವನ ಜೊತೆ ಮಾತಾಡಬಹುದು. ಮಾತು ತಪ್ಪಿದ ಎಂದು ಬೇಸರ ಪಡಲಿ, ಅದಕ್ಕೆ ಬೇರೆ ಪದಗಳಿವೆ.

ಇನ್ನು ಕೋಚ್‌ಗಳು. 2021ರ ನವೆಂಬರ್ ಕೊನೆಗೆ ಎರಡೇ ದಿನಗಳಲ್ಲಿ ಲಿಂಕನ್ ರೈಲಿ ಓಕ್ಲಹೋಮ ಬಿಟ್ಟು ಯುಎಸ್‌ಸಿಗೆ, ಬ್ರಯನ್ ಕೆಲ್ಲಿ ನೋಟ್ರ ಡೇಮ್ ಬಿಟ್ಟು ಎಲ್‌ಎಸ್‌ಯುಗೆ (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಹೊರಟರು. ನೋಟ್ರ ಡೇಮ್ ಹನ್ನೆರಡರಲ್ಲಿ ಹನ್ನೊಂದು ಪಂದ್ಯ ಗೆದ್ದು ಪ್ಲೇಆಫ್, ಅಂದರೆ ಪ್ರಶಸ್ತಿಯ ಕೊನೆಯ ಸುತ್ತಿನ, ಆಸೆಯಲ್ಲಿತ್ತು. ಕೋಚ್‌ಗಳು ಹೀಗೆ ಹೋದದ್ದಕ್ಕೆ ಸುದ್ದಿಯವರು ಇಟ್ಟ ಹೆಸರು ‘ನೇಮಕ’. ರೈಲಿಯವರನ್ನೇ ನಂಬಿ ಓಕ್ಲಹೋಮ ಸೇರಿದ್ದ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಜನವರಿಯಲ್ಲಿ ಪೋರ್ಟಲ್‌ಗೆ ಹೆಸರು ಕೊಟ್ಟು ಅವರ ಹಿಂದೆಯೇ ಹೋದರೆ ಅದು ‘ಪೋಚಿಂಗ್’! ಸಂಬಳದ ದೊಡ್ಡವರು ಹೋದರೆ ಒಂದು ಪದ, ಓದುವ ಹುಡುಗ ಹೋದರೆ ಇನ್ನೊಂದು ಪದ. ಇದನ್ನು ನಾನು ಒಪ್ಪುವುದಿಲ್ಲ.

ಹೈಸ್ಕೂಲಿಗೆ ಬಂದರೆ ಅರ್ಥವೇ ತಿರುಗುತ್ತದೆ. ಅಲ್ಲಿ ರಿಕ್ರೂಟಿಂಗೇ ತಪ್ಪು. ಸರ್ಕಾರಿ ಶಾಲೆಗೆ ಮನೆ ಇರುವ ಪ್ರದೇಶವೇ ಬೇಲಿ, ಆಟಕ್ಕಾಗಿ ಮಗುವನ್ನು ಆ ಬೇಲಿಯಾಚೆಯಿಂದ ಕರೆಯುವ ಹಾಗಿಲ್ಲ. ಟೆಕ್ಸಸ್‌ನಲ್ಲಿ ಆಟದ ಉದ್ದೇಶಕ್ಕೆ ಶಾಲೆ ಬದಲಿಸಿದ್ದು ಎಂದು ತೀರ್ಮಾನವಾದರೆ ಕನಿಷ್ಠ ಒಂದು ವರ್ಷ ಶಾಲೆಯ ಮುಖ್ಯ ತಂಡವಾದ ವರ್ಸಿಟಿಯಲ್ಲಿ ಜಾಗವಿಲ್ಲ. ಫ್ಲಾರಿಡದಲ್ಲಿ 2016ರ ಕಾನೂನು ಆ ಬೇಲಿಯನ್ನು ಬಹುಮಟ್ಟಿಗೆ ಕಿತ್ತು ಹಾಕಿತು. ಒಂದು ರಾಜ್ಯದಲ್ಲಿ ಪೋಚಿಂಗ್ ಅನಿಸಿಕೊಳ್ಳುವ ವರ್ಗಾವಣೆ ಇನ್ನೊಂದರಲ್ಲಿ ಅಪ್ಪ ಅಮ್ಮನ ಹಕ್ಕು. ಯಾವ ರಾಜ್ಯ ಎಂದು ಹೇಳದೆ ಈ ಪದ ಬಳಸುವವರು ಅರ್ಧ ಮಾತು ಹೇಳಿದಂತೆ.

ಟೆಕ್ಸಸ್‌ನ ಡಲ್ಲಾಸ್ ಹತ್ತಿರದ ಒಂದು ಊರಿನಲ್ಲಿ ನನಗೆ ಗೊತ್ತಿರುವ ಮೈಸೂರಿನ ಕುಟುಂಬವೊಂದಿದೆ. ಅಪ್ಪನ ಕೆಲಸ ಬದಲಾಗಿ ಮನೆ ಬದಲಾಯಿತು, ಹತ್ತನೇ ತರಗತಿಯ ಮಗ ಹೊಸ ಶಾಲೆ ಸೇರಿದ. ಹೊಸ ಶಾಲೆಯ ತಂಡ ಹೆಸರುವಾಸಿ. ಮೊದಲು ಆಡಿದವರೆಲ್ಲ ತುಂಬಬೇಕಾದ ಒಂದು ಫಾರ್ಮ್ ಅಲ್ಲಿದೆ, ಹಳೆಯ ಶಾಲೆಯವರೂ ಅದರಲ್ಲಿ ಬರೆದುಕೊಡಬೇಕು. ಅವರು ಆಟಕ್ಕಾಗಿಯೇ ಹೋಗಿದ್ದಾನೆ ಎಂದು ಗುರುತು ಹಾಕಿದರು. ಮನೆ ಕರಾರು, ವಿದ್ಯುತ್ ಬಿಲ್ಲು, ಅಪ್ಪನ ನೇಮಕದ ಪತ್ರ ಎಲ್ಲವನ್ನೂ ಹಿಡಿದು ತಾಯಿ ಇದನ್ನು ತೀರ್ಮಾನಿಸುವ ಸಮಿತಿಯ ಮುಂದೆ ಕೂತರು. ಸಮಿತಿ ಹಳೆಯ ಶಾಲೆಯ ಮಾತನ್ನೇ ಎತ್ತಿಹಿಡಿಯಿತು. ಯಾವ ಕೋಚೂ ಅವರಿಗೆ ಫೋನ್ ಮಾಡಿರಲಿಲ್ಲ. ಹಳೆಯ ಗೆಳೆಯರ ಗುಂಪಿನಲ್ಲಿ ಮಾತ್ರ ಹುಡುಗನಿಗೆ ‘ಪೋಚ್ಡ್’ ಎಂಬ ಹೆಸರೇ ಉಳಿಯಿತು.

ಆ ವರ್ಷ ಅವನು ಗುರುವಾರ ಸಂಜೆ ಕಿರಿಯರ ತಂಡದಲ್ಲಿ ಆಡಿದ. ಶುಕ್ರವಾರ ರಾತ್ರಿ ದೀಪ ಹೊತ್ತಿ ಬ್ಯಾಂಡ್ ಶುರುವಾದಾಗ ಅಪ್ಪನ ಪಕ್ಕ ಗ್ಯಾಲರಿಯಲ್ಲಿ ಕೂತಿರುತ್ತಿದ್ದ, ಜರ್ಸಿ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು.