ಒವೆಚ್ಕಿನ್, ಗ್ರೆಟ್ಸ್ಕಿ, ಹೋವ್: ಗೋಲು ಹೊಡೆಯೋದ್ರಲ್ಲಿ ಯಾರು ದೊಡ್ಡವರು?

ಪ್ರಶ್ನೆ: ರಷ್ಯಾದ ಒವೆಚ್ಕಿನ್ ಕೆನಡಾದ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆ ಮುರಿದಾಯ್ತಲ್ಲ. ಹಾಗಾದ್ರೆ ಐಸ್ ಹಾಕಿಯಲ್ಲಿ ಗೋಲು ಹೊಡೆಯೋಕೆ ಅವನೇ ಎಲ್ಲರಿಗಿಂತ ದೊಡ್ಡವನು ಅಂತ ಒಪ್ಪಿಕೊಳ್ಳಬೇಕಾ? ಬೇರೆ ಬೇರೆ ಕಾಲದವರನ್ನು ಹೋಲಿಸೋದಾದ್ರೂ ಹೇಗೆ?

ಉತ್ತರ: ಬರೀ ಎಣಿಕೆ ನೋಡಿದರೆ ಹೌದು, ಅವನೇ. 2025ರ ಏಪ್ರಿಲ್ 6ರಂದು ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ವಿರುದ್ಧ ಪವರ್‌ಪ್ಲೇಯಲ್ಲಿ (ಅಂದ್ರೆ ದಂಡನೆಯಿಂದ ಎದುರಾಳಿಗೆ ಆಟಗಾರ ಕಮ್ಮಿ ಇದ್ದಾಗ), ತನ್ನ ಮಾಮೂಲಿ ಜಾಗವಾದ ಎಡಗಡೆಯ ವೃತ್ತದಿಂದ ಹೊಡೆದು, ಆಮೇಲೆ ಹೊಟ್ಟೆ ಅಡಿ ಹಾಕಿಕೊಂಡು ಐಸ್ ಮೇಲೆ ಜಾರುತ್ತಾ ಹೋದನಲ್ಲ, ಅದು 895ನೇ ಗೋಲು. ಗ್ರೆಟ್ಸ್ಕಿ ಅಲ್ಲೇ ಕೂತು ನೋಡುತ್ತಿದ್ದ. ತಮಾಷೆ ಏನಂದ್ರೆ ಅದು ಒವೆಚ್ಕಿನ್‌ನ 1,487ನೇ ಪಂದ್ಯ. ಗ್ರೆಟ್ಸ್ಕಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಒಟ್ಟು ಆಡಿದ್ದೂ ಸರಿಯಾಗಿ 1,487 ಪಂದ್ಯಗಳೇ! ಇಷ್ಟು ಹೊಂದಿಕೊಂಡ ಮೇಲೆ ವಾದ ಮುಗೀಬೇಕಿತ್ತು. ಮುಗೀಲಿಲ್ಲ.

ಯಾಕಂದ್ರೆ ಎಲ್ಲ ಕಾಲದಲ್ಲೂ ಗೋಲು ಒಂದೇ ಥರ ಸಲೀಸಾಗಿ ಸಿಗಲ್ಲ. ಗ್ರೆಟ್ಸ್ಕಿ 92 ಗೋಲು ಹೊಡೆದ 1981-82ರ ಸೀಸನ್‌ನಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ ಸರಾಸರಿ ಎಂಟು ಗೋಲು ಬರ್ತಿದ್ದವು. ಒವೆಚ್ಕಿನ್ 65 ಹೊಡೆದ 2007-08ರಲ್ಲಿ ಅದು ಐದೂವರೆಯ ಆಸುಪಾಸಿಗೆ ಇಳಿದಿತ್ತು.

ಇದಕ್ಕೆ ದೊಡ್ಡ ಕಾರಣ ಗೋಲ್‌ಕೀಪರ್‌ಗಳು. ಗ್ರೆಟ್ಸ್ಕಿ ಕಾಲದ ಯಾವುದಾದರೂ ಹಳೇ ಪಂದ್ಯದ ವಿಡಿಯೋ ಹಾಕಿ ಐದು ನಿಮಿಷ ಗೋಲ್‌ಕೀಪರನ್ನು ಮಾತ್ರ ನೋಡಿ. ಹೆಚ್ಚಿನವರು ನಿಂತೇ ಇರ್ತಾರೆ, ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ಕೆಳಗೆ ಬಂದಾಗ ಒಂದು ಕಾಲು ಚಾಚಿ ಒದೀತಾರೆ, ಅಷ್ಟರಲ್ಲಿ ಅದು ಬಲೆಯಲ್ಲಿರುತ್ತೆ. ಕಾಲಿಗೆ ಕಟ್ಟಿದ ಪ್ಯಾಡ್ ಚರ್ಮದ್ದು, ಒಳಗೆ ಜಿಂಕೆ ಕೂದಲು ತುಂಬಿರೋದು. ಆಟ ಸಾಗಿದ ಹಾಗೆ ಅದು ನೀರು ಕುಡಿದು ಭಾರವಾಗ್ತಿತ್ತು, ಹೊತ್ತುಕೊಂಡು ಹಾರೋದು ಎಲ್ಲಿಂದ ಬಂತು? ಆಮೇಲೆ ಮಾಂಟ್ರಿಯಲ್‌ನ ಗೋಲ್‌ಕೀಪರ್ ಪ್ಯಾಟ್ರಿಕ್ ರಾಯ್ ಬಂದ. ಮೊಣಕಾಲೂರಿ ಎರಡೂ ಪ್ಯಾಡ್‌ಗಳನ್ನು ಅಗಲಕ್ಕೆ ಹರಡಿ ಬಲೆಯ ಕೆಳಭಾಗವನ್ನೇ ಮುಚ್ಚುವ 'ಬಟರ್‌ಫ್ಲೈ' ಶೈಲಿ ಅವನಿಂದಾಗಿ ಎಲ್ಲ ಕಡೆ ಹಬ್ಬಿತು. ಪ್ಯಾಡ್‌ಗಳು ಹಗುರವಾದವು, ಜೊತೆಗೆ ದೊಡ್ಡವೂ ಆದವು, ಕೊನೆಗೆ 2005ರಲ್ಲಿ ಲೀಗ್ ಅವುಗಳ ಅಗಲವನ್ನು 12 ಇಂಚಿನಿಂದ 11ಕ್ಕೆ ಇಳಿಸಬೇಕಾಯ್ತು. 80ರ ದಶಕದ ಶುರುವಿನಲ್ಲಿ ನೂರು ಹೊಡೆತಕ್ಕೆ 12-13 ಒಳಗೆ ಹೋಗ್ತಿದ್ದವು. ಒವೆಚ್ಕಿನ್ ಕಾಲಕ್ಕೆ ಒಂಬತ್ತು-ಹತ್ತು ಹೋದರೆ ಹೆಚ್ಚು.

ಹಾಗಾಗಿ ಅಂಕಿಅಂಶದವರು ಎಲ್ಲರನ್ನೂ ಒಂದೇ ಅಳತೆಗೆ ತರ್ತಾರೆ. ಪಂದ್ಯಕ್ಕೆ ಆರು ಗೋಲು, ಸೀಸನ್‌ಗೆ 82 ಪಂದ್ಯ ಅಂತಿಟ್ಟುಕೊಳ್ಳಿ. ಗ್ರೆಟ್ಸ್ಕಿಯ 92ನ್ನು ಎಂಟರಿಂದ ಭಾಗಿಸಿ, ಆರರಿಂದ ಗುಣಿಸಿ, ಆಗ ಇದ್ದಿದ್ದು 80 ಪಂದ್ಯ ಅಂತ ಚೂರು ಸೇರಿಸಿ: ಸುಮಾರು 70. ಒವೆಚ್ಕಿನ್‌ನ 65ನ್ನು ಹೀಗೇ ಮಾಡಿ: ಅದೂ 70ರ ಆಸುಪಾಸು. ಇನ್ನೂ ಹಿಂದಕ್ಕೆ ಹೋಗೋಣ. 1952-53ರಲ್ಲಿ ಡೆಟ್ರಾಯ್ಟ್‌ನ ಗಾರ್ಡಿ ಹೋವ್ 70 ಪಂದ್ಯಗಳ ಸೀಸನ್‌ನಲ್ಲಿ 49 ಗೋಲು ಹೊಡೆದ, ಆಗ ಪಂದ್ಯಕ್ಕೆ ಐದು ಗೋಲೂ ಬರ್ತಿರಲಿಲ್ಲ. ಅವನ ಲೆಕ್ಕವೂ 70ರ ಹತ್ತಿರವೇ ಬಂದು ನಿಲ್ಲುತ್ತೆ! ನಾನು ಮೊದಲ ಸಲ ಪೆನ್ನು ಹಿಡಿದು ಇದನ್ನು ಮಾಡಿದಾಗ ಎಲ್ಲೋ ತಪ್ಪಾಗಿರಬೇಕು ಅಂತ ಇನ್ನೊಂದು ಸಲ ಮಾಡಿ ನೋಡಿದೆ.

ಈ ಸೂತ್ರವನ್ನು ಕಣ್ಣುಮುಚ್ಚಿ ನಂಬಬೇಡಿ ಮಾತ್ರ. ಲೀಗ್ ಶುರುವಾದ 1917-18ರಲ್ಲಿ ಜೋ ಮ್ಯಾಲೋನ್ 20 ಪಂದ್ಯಕ್ಕೆ 44 ಗೋಲು ಹೊಡೆದ. ಅದನ್ನು ಸುಮ್ನೆ 82 ಪಂದ್ಯಕ್ಕೆ ಎಳೆದರೆ 180 ಆಗುತ್ತೆ. ಆದರೆ ಆ ಸೀಸನ್ ಶುರುವಾದಾಗ ಗೋಲ್‌ಕೀಪರ್ ಪಕ್ ತಡೆಯೋಕೆ ಐಸ್ ಮೇಲೆ ಬೀಳೋ ಹಾಗೇ ಇರಲಿಲ್ಲ, ಬಿದ್ದರೆ ದಂಡನೆ. ನಡುವೆ ಆ ನಿಯಮ ತೆಗೆದರು ಅನ್ನಿ. ಇಂಥ ಆಟವನ್ನು ಇವತ್ತಿನದಕ್ಕೆ ಹೋಲಿಸೋದು ಕುಂಟೆಬಿಲ್ಲೆಯನ್ನು ಕಬಡ್ಡಿಗೆ ಹೋಲಿಸಿದ ಹಾಗೆ.

ನನಗೆ ಇಷ್ಟವಾದ ಅಳತೆ ಬೇರೆ: ಅದೇ ವರ್ಷ ಎರಡನೇ ಸ್ಥಾನದವನು ಎಷ್ಟು ಹೊಡೆದ? ಕ್ರಿಕೆಟ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1975ರಲ್ಲಿ ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ಎದುರು ನಮ್ಮ ವಿಶ್ವನಾಥ್ ಅವರ ಅಜೇಯ 97 ಅಷ್ಟು ದೊಡ್ಡದಾಗಿದ್ದು ತಂಡದ ಒಟ್ಟು ಮೊತ್ತ 190 ಆಗಿದ್ದರಿಂದಲೇ ಅಲ್ವಾ? ಗ್ರೆಟ್ಸ್ಕಿಯ 92ರ ಹಿಂದೆ ಇದ್ದವನು ಮೈಕ್ ಬಾಸಿ, 64. ಬಾಸಿ ಏನು ಸಾಮಾನ್ಯನಲ್ಲ, ಸತತ ಒಂಬತ್ತು ಸೀಸನ್ 50ಕ್ಕಿಂತ ಕಡಿಮೆ ಹೊಡೆದವನಲ್ಲ. ಒವೆಚ್ಕಿನ್‌ನ 65ರ ಹಿಂದೆ ಕೊವಾಲ್ಚುಕ್, 52. ಹೋವ್‌ನ 49ರ ಹಿಂದೆ ಅವನ ಪಕ್ಕದಲ್ಲೇ ಆಡ್ತಿದ್ದ ಟೆಡ್ ಲಿಂಡ್ಸೆ, 32. ಅಂದ್ರೆ ಹೋವ್ ಒಂದೂವರೆ ಪಟ್ಟು ಮುಂದೆ! ಆದರೆ ಅವನ ಕಾಲದಲ್ಲಿ ಲೀಗ್‌ನಲ್ಲಿ ಇದ್ದದ್ದು ಆರೇ ತಂಡ, ಆಟಗಾರರು ಹೆಚ್ಚುಕಡಿಮೆ ಎಲ್ಲರೂ ಕೆನಡಾದವರು. ಒವೆಚ್ಕಿನ್ ಹಿಂದೆ ಹಾಕಿದ್ದು 30 ತಂಡಗಳಲ್ಲಿ ಆಡೋ ರಷ್ಯಾ, ಸ್ವೀಡನ್, ಫಿನ್ಲೆಂಡ್, ಜೆಕ್, ಅಮೆರಿಕದವರನ್ನೆಲ್ಲ. ಅಷ್ಟು ಜನರ ನಡುವೆ ಒಬ್ಬನೇ ತುಂಬಾ ಮುಂದೆ ಓಡೋದು ಕಷ್ಟ.

ನನ್ನನ್ನೇ ಕೇಳಿದರೆ, ಒಂದೇ ಸೀಸನ್ ಅಂದ್ರೆ ಗ್ರೆಟ್ಸ್ಕಿ. ಆ ವರ್ಷ ಮೊದಲ 39 ಪಂದ್ಯಗಳಲ್ಲೇ 50 ಗೋಲು ಮುಗಿಸಿಬಿಟ್ಟಿದ್ದ, 39ನೇ ಪಂದ್ಯವೊಂದರಲ್ಲೇ ಐದು. ಇಡೀ ವೃತ್ತಿಜೀವನ ಅಂದ್ರೆ ಒವೆಚ್ಕಿನ್. ಒಂಬತ್ತು ಸೀಸನ್‌ಗಳಲ್ಲಿ ಲೀಗ್‌ಗೇ ಜಾಸ್ತಿ ಗೋಲು ಅವನದು, ಗ್ರೆಟ್ಸ್ಕಿಗೆ ಅದು ಐದು ಸಲ. ಅದೂ ಎದುರಾಳಿಗಳಿಗೆಲ್ಲ ಅವನು ಎಲ್ಲಿಂದ ಹೊಡೀತಾನೆ ಅಂತ ಗೊತ್ತಿದ್ದೂ! ಗ್ರೆಟ್ಸ್ಕಿಗೆ ಇದರಿಂದ ಏನೂ ಕಮ್ಮಿ ಆಗಲ್ಲ ಬಿಡಿ, ಅವನ ನಿಜವಾದ ಕೈಚಳಕ ಪಾಸ್‌ನಲ್ಲಿತ್ತು. 1,963 ಅಸಿಸ್ಟ್, ಅಂದ್ರೆ ಬೇರೆಯವರ ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್. ಗೋಲಿಗೊಂದು, ಅಸಿಸ್ಟ್‌ಗೊಂದು ಪಾಯಿಂಟ್. ಒಂದೂ ಗೋಲು ಹೊಡೆಯದಿದ್ದರೂ ಒಟ್ಟು ಪಾಯಿಂಟ್‌ನಲ್ಲಿ ಅವನೇ ಮೊದಲಿಗ.

ಹೋವ್‌ನನ್ನು ಎಲ್ಲಿಡೋದು ಅನ್ನೋದು ಮಾತ್ರ ನನಗಿನ್ನೂ ಬಗೆಹರಿದಿಲ್ಲ. 801 ಗೋಲು ಹೊಡೆದವನು. 1979-80ರಲ್ಲಿ, ಗ್ರೆಟ್ಸ್ಕಿಯ ಮೊದಲ ಎನ್‌ಎಚ್‌ಎಲ್ ಸೀಸನ್‌ನಲ್ಲಿ, ಅವನೂ ಅದೇ ಲೀಗ್‌ನಲ್ಲಿದ್ದ, ವಯಸ್ಸು 51. ಎಂಬತ್ತಕ್ಕೆ ಎಂಬತ್ತೂ ಪಂದ್ಯ ಆಡಿ 15 ಗೋಲು ಹೊಡೆದ. ಇದನ್ನು ಎಂಟರಿಂದ ಭಾಗಿಸಿ ಆರರಿಂದ ಗುಣಿಸೋಕೆ ನನಗಂತೂ ಮನಸ್ಸು ಬರಲ್ಲ.